ಆಲೂಗಡ್ಡೆ ಅಗೆಯಲು ಹೋದವನು

ಬ್ಯಾರೋ
ಮಾರ್ಚ್ ೯, ಸೋಮವಾರ ಮಧ್ಯಾಹ್ನ

ಪ್ರೀತಿಯ ಎನಿಡ್ ಅಕ್ಕ,

ನಿನ್ನ ಮಂಡಿನೋವು ಹೇಗಿದೆ, ದ್ವೀಪದಲ್ಲಿ ಗಾಳಿ ಹೇಗಿದೆ ಎಂದು ಕೇಳಿಯೇ ನಾನು ಯಾವಾಗಲೂ ಪತ್ರ ಶುರುಮಾಡುವುದು. ಈ ಸಲ ಅಷ್ಟು ತಾಳ್ಮೆ ಉಳಿದಿಲ್ಲ, ಕ್ಷಮಿಸು. ಫೋನು ಮಾಡೋಣವೆಂದರೆ ನಿನಗೆ ಕಿವಿ ಕೇಳಿಸುವುದಿಲ್ಲ. ಕಳೆದ ಸಲ ನಾನು 'ಕೋರ್ಟು' ಎಂದು ಕಿರುಚಿದ್ದಕ್ಕೆ ನೀನು 'ಕೋಟು ತಗೊಂಡ್ಯಾ, ಒಳ್ಳೇದಾಯ್ತು ಬಿಡು, ಚಳಿ ಇದೆ' ಅಂದೆ. ಅಳುತ್ತಿದ್ದವಳು ನಕ್ಕುಬಿಟ್ಟೆ. ಆಮೇಲೆ ಮತ್ತೆ ಅತ್ತೆ.

ಡೆಸ್‌ನ ವಿಚಾರಣೆ ಇವತ್ತು ಪ್ರೆಸ್ಟನ್ನಿನಲ್ಲಿ ಶುರುವಾಗಿದೆ. ನಾನು ಸಾಕ್ಷಿಯಾದ್ದರಿಂದ ನನ್ನ ಸರದಿ ಬರುವ ತನಕ ಒಳಗೆ ಕೂರುವಂತಿಲ್ಲ. ಗುರುವಾರ ಬನ್ನಿ ಎಂದಿದ್ದಾರೆ. ಅಲ್ಲಿಯವರೆಗೆ ಮಾಡುವುದೇನು? ಒಲೆ ಮೂರು ಸಲ ಉಜ್ಜಿದೆ. ಟೀ ಮಾಡಿಕೊಂಡು ಕುಡಿಯದೆ ಚೆಲ್ಲಿದೆ. ಈಗ ಕಾಗದ ತೆಗೆದು ಕೂತಿದ್ದೇನೆ. ನಿನಗೆ ಅರ್ಧ ಗೊತ್ತು, ಉಳಿದರ್ಧ ಪತ್ರಿಕೆಯಲ್ಲಿ ಓದಿರುತ್ತೀಯ. ಆದರೂ ಮೊದಲಿನಿಂದ ಬರೆಯುತ್ತೇನೆ, ನನಗೂ ಒಮ್ಮೆ ಎಲ್ಲವನ್ನೂ ಸಾಲಾಗಿ ನೋಡಬೇಕಾಗಿದೆ.

ನಮ್ಮ ಮಗಳು ಲೋರ್ನಾ ಸತ್ತಾಗ ಅವಳಿಗೆ ಹದಿನೇಳು. ಬೇಕರಿಯ ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಬರುತ್ತಿದ್ದಳು. ಡೇಲ್ ರಜ್ ಎಂಬ ಹುಡುಗ ಕುಡಿದು ಓಡಿಸುತ್ತಿದ್ದ ವ್ಯಾನು ಅವಳನ್ನು ಬೇಲಿಗೆ ಎಸೆದು ನಿಲ್ಲದೆ ಹೋಯಿತು ಎಂದಿದ್ದರು. ನಾಯಿಯನ್ನು ಸುತ್ತಾಡಿಸಲು ಬಂದವರು ಯಾರೋ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆಗೆ ಸುದ್ದಿ ತಂದ ಪೊಲೀಸಿನವನು ನನ್ನ ಕೈ ಹಿಡಿದು, 'ತಕ್ಷಣ ಹೋಗಿಬಿಟ್ಟಿದ್ದಾಳಮ್ಮ, ಅವಳಿಗೆ ಏನೂ ಗೊತ್ತೇ ಆಗಿರಲ್ಲ' ಎಂದ. ಆ ಒಂದು ಮಾತನ್ನು ಹಿಡಿದುಕೊಂಡೇ ನಾವು ಗಂಡ ಹೆಂಡತಿ ಇಬ್ಬರೂ ಬದುಕಿದೆವು ಅಕ್ಕ. ಡೆಸ್ ಊಟಕ್ಕೆ ಕೂತಾಗ, ಬಟ್ಟೆ ಮಡಚುವಾಗ, ಇದ್ದಕ್ಕಿದ್ದಂತೆ 'ಅವಳಿಗೆ ಗೊತ್ತೇ ಆಗಿಲ್ಲ ಅಲ್ವಾ' ಎನ್ನುತ್ತಿದ್ದ. 'ಇಲ್ಲ, ಗೊತ್ತೇ ಆಗಿಲ್ಲ' ಎಂದು ನಾನು ಹೇಳಬೇಕು. ಹೇಳಿದರೆ ಮತ್ತೆ ತುತ್ತು ಎತ್ತುತ್ತಿದ್ದ.

ಡೇಲ್‌ಗೆ ಆರು ವರ್ಷ ಜೈಲು ಎಂದರು, ಮೂರಕ್ಕೆ ಬಿಟ್ಟರು. ಹೋದ ಬೇಸಿಗೆಯಲ್ಲಿ ಅವನು ಊರಿಗೆ ಬಂದ. ಸುದ್ದಿ ಕೇಳಿದ ದಿನ ಡೆಸ್ ಹಡಗುಕಟ್ಟೆಯ ಕ್ಲಬ್ಬಿನಲ್ಲಿ ಎಲ್ಲರೆದುರು, 'ನನ್ನ ಕಣ್ಣಿಗೆ ಬಿದ್ರೆ ಅವನನ್ನ ಉಳಿಸಲ್ಲ' ಎಂದು ಕೂಗಾಡಿದನಂತೆ. ಆ ಮಾತನ್ನು ಕೇಳಿಸಿಕೊಂಡ ಇಬ್ಬರು ಈಗ ಸರ್ಕಾರದ ಕಡೆಯ ಸಾಕ್ಷಿಗಳು. ಇಪ್ಪತ್ತು ವರ್ಷ ಹಡಗುಕಟ್ಟೆಯಲ್ಲಿ ಅವನ ಪಕ್ಕದಲ್ಲೇ ನಿಂತು ಬೆಸುಗೆ ಹಾಕಿದವರು. ಅವರದ್ದೇನೂ ತಪ್ಪಿಲ್ಲ, ಕೇಳಿದ್ದನ್ನು ಹೇಳುತ್ತಾರೆ.

ಆದರೆ ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತು. ಕೂಗಾಡಿದವನು ಮನೆಗೆ ಬಂದು ಮೆಟ್ಟಿಲ ಮೇಲೆ ಕೂತು ನಡುಗುತ್ತಿದ್ದ. ಮರುದಿನದಿಂದ ಕೆಲಸಕ್ಕೆ ಹೋಗುವ ದಾರಿ ಬದಲಿಸಿದ. ಪಬ್ ಬಿಟ್ಟ, ಕ್ಲಬ್ ಬಿಟ್ಟ. ಎದುರಿನಿಂದ ಬಿಳಿ ವ್ಯಾನು ಬಂದರೆ ಪಕ್ಕದ ಓಣಿಗೆ ನುಸುಳುತ್ತಿದ್ದ. 'ಅವನು ಸಿಕ್ರೆ ನಾನು ಏನ್ ಮಾಡ್ತೀನೋ ನಂಗೇ ಗೊತ್ತಿಲ್ಲ ಏವ್ರಿಲ್, ಅದಕ್ಕೇ ಸಿಗದ ಹಾಗೆ ನೋಡ್ಕೊಳ್ತೀನಿ' ಅನ್ನುತ್ತಿದ್ದ. ರೈಲುಹಳಿಯ ಹಿಂದಿನ ನಮ್ಮ ತರಕಾರಿ ತೋಟವಿದೆಯಲ್ಲ, ಪುರಸಭೆಯಿಂದ ಬಾಡಿಗೆಗೆ ಪಡೆದ ಆ ಸಣ್ಣ ತುಂಡು, ಅಲ್ಲಿಗಂತೂ ಲೋರ್ನಾ ಹೋದಂದಿನಿಂದ ಕಾಲಿಟ್ಟಿರಲಿಲ್ಲ. ಅದು ಅವರಿಬ್ಬರ ಜಾಗ. ಅವಳಿಗೆ ನಡೆಯಲು ಬಂದಾಗಿನಿಂದ ಭಾನುವಾರವೆಲ್ಲ ಇಬ್ಬರೂ ಅಲ್ಲೇ ಮಣ್ಣಾಟ. ಪಕ್ಕದ ತುಂಡಿನ ಮುದುಕ ಹೊರೇಸ್ ಬರ್ಕೆಟ್, ಪುರಸಭೆ ಜಾಗ ವಾಪಸು ತೆಗೆದುಕೊಳ್ಳದಿರಲಿ ಎಂದು ತಾನೇ ನಮ್ಮದರಲ್ಲೂ ಆಲೂಗಡ್ಡೆ ಹಾಕಿಟ್ಟಿದ್ದ.

ನಿಜ ಹೇಳುತ್ತೇನೆ, ಡೆಸ್ ಹಾಗೆ ಓಣಿ ಓಣಿ ಹೊಕ್ಕು ತಪ್ಪಿಸಿಕೊಳ್ಳುವುದನ್ನು ನೋಡಿ ನನ್ನ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಗುತ್ತಿತ್ತು. ತಪ್ಪು ಮಾಡಿದವನು ಎದೆ ಸೆಟೆಸಿ ನಡೆಯುವುದು, ಇವನು ಬಾಲ ಮುದುರಿಕೊಳ್ಳುವುದು. ಒಂದು ದಿನ ನಾನು ಅಂಗಡಿಯಿಂದ ಹೊರಬರುವಾಗ ಯಾರೋ ನನಗಾಗಿ ಬಾಗಿಲು ಹಿಡಿದು ನಿಂತರು. ಎರಡು ಕೈಯಲ್ಲೂ ಚೀಲ. 'ಥ್ಯಾಂಕ್ಯೂ ಮಗ' ಎಂದೆ. ತಲೆ ಎತ್ತಿದರೆ ಡೇಲ್ ರಜ್. ಅವನಿಗೆ ನನ್ನ ಗುರುತು ಸಿಕ್ಕಿತ್ತೋ ಇಲ್ಲವೋ, ನಕ್ಕ. ನಾನು ಅವನಿಗೆ ಥ್ಯಾಂಕ್ಯೂ ಎಂದಿದ್ದೆ ಅಕ್ಕ. ಮಗ ಎಂದಿದ್ದೆ. ಮನೆಗೆ ಬಂದು ಸೋಪು ಹಚ್ಚಿ ಬಾಯಿ ತೊಳೆದುಕೊಂಡೆ. ಇದನ್ನು ಡೆಸ್‌ಗೆ ಹೇಳಲಿಲ್ಲ.

ಅಕ್ಟೋಬರಿನ ಆ ಶನಿವಾರ ಬೆಳಿಗ್ಗೆ ಡೆಸ್ ತೋಟಕ್ಕೆ ಹೋದ. ಡೇಲ್ ಅಲ್ಲಿದ್ದ, ಎರಡು ತುಂಡು ಆಚೆ ಅವನ ಸೋದರಮಾವನ ತೋಟದಲ್ಲಿ ಗಿಡ ಬೆಳೆಸುವ ಗಾಜಿನ ಮನೆ ಕಟ್ಟುತ್ತಿದ್ದನಂತೆ. ಮಧ್ಯಾಹ್ನದ ಹೊತ್ತಿಗೆ ಡೇಲ್ ಸತ್ತಿದ್ದ. ಡೆಸ್ ಕೈಯಲ್ಲಿ ಸಲಿಕೆ ಹಿಡಿದುಕೊಂಡೇ ಹೊರೇಸ್‌ನ ಕುರ್ಚಿಯ ಮೇಲೆ ಪೊಲೀಸರು ಬರುವವರೆಗೂ ಕೂತಿದ್ದ.

ಏನಾಯಿತೆಂದು ಡೆಸ್ ನನಗೆ ಹೇಳಲೇ ಇಲ್ಲ. ಜೈಲಿಗೆ ನೋಡಲು ಹೋದರೆ ಮೇಜಿನಾಚೆ ಕೂತು ನನ್ನ ಬೆರಳುಗಳನ್ನು ಸವರುತ್ತಾನೆ. 'ಅವನು ಏನೋ ಅಂದ, ಅದು ನಿಂಗೆ ಬೇಡ' ಎನ್ನುತ್ತಾನೆ. ಹೇಳಿದವನು ಹೊರೇಸ್. ಹೋದ ತಿಂಗಳು ಟೋಪಿ ಕೈಯಲ್ಲಿ ಹಿಡಿದು ಬಂದು ಇದೇ ಅಡುಗೆಮನೆಯಲ್ಲಿ ನಿಂತ. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

'ಯಾರ ಹತ್ರಾನೂ ಮಾತಾಡ್ಬಾರ್ದು ಅಂದಿದ್ದಾರೆ ಮಗಳೇ. ಆದ್ರೆ ಕೋರ್ಟಲ್ಲಿ ಯಾರೋ ಹೊರಗಿನವರ ಬಾಯಿಂದ ನೀನು ಇದನ್ನ ಕೇಳೋದು ಬೇಡ. ಡೆಸ್ ಬಂದ, ನಂಗೆ ನಮಸ್ಕಾರ ಹೇಳ್ದ, ಅಗೆಯೋಕೆ ಶುರುಮಾಡ್ದ. ಆ ಹುಡುಗನ್ನ ನೋಡೇ ಇರ್ಲಿಲ್ಲ. ನೋಡಿದ ಮೇಲೆ ಸಲಿಕೆ ಅಲ್ಲೇ ಚುಚ್ಚಿ, ಬುಟ್ಟಿ ತಗೊಂಡು ಹೊರಟ. ಹೊರಟೇಬಿಟ್ಟಿದ್ದ ಮಗಳೇ, ಗೇಟಿನ ಹತ್ರ ಹೋಗಿದ್ದ. ಆಗ ಆ ಹುಡುಗ ಹಿಂದಿಂದ ಕೂಗ್ದ.'

ಡೇಲ್ ಕೂಗಿದ್ದು ಇದು. ಹೊರೇಸ್ ನೆಲ ನೋಡುತ್ತಾ ಹೇಳಿದ. 'ಏನಯ್ಯಾ, ಓಡ್ತೀಯಾ? ನಿನ್ನ ಮಗಳು ಅವತ್ತು ತಕ್ಷಣ ಸತ್ತಿರ್ಲಿಲ್ಲ, ಗೊತ್ತಾ ನಿಂಗೆ? ನಾನು ಇಳಿದು ನೋಡ್ದೆ. ಅಪ್ಪಾ ಅಪ್ಪಾ ಅಂತ ಒಂದೇ ಸಮನೆ ನಿನ್ನನ್ನೇ ಕರೀತಿದ್ಲು. ತಲೆ ಚಿಟ್ಟು ಹಿಡಿದು ಗಾಡಿ ತಗೊಂಡು ಹೋದೆ.'

ಡೆಸ್ ತಿರುಗಿ ನಿಂತನಂತೆ. ಬುಟ್ಟಿ ಕೆಳಗಿಟ್ಟನಂತೆ. ಸಲಿಕೆ ಇದ್ದಲ್ಲಿಗೆ ನಡೆದುಕೊಂಡು ಬಂದನಂತೆ. ಓಡಿ ಬರಲಿಲ್ಲ. 'ನಾನು ಹೆಸರು ಹಿಡಿದು ಕರೆದೆ. ಕೇಳಿಸ್ಲೇ ಇಲ್ಲ ಅವನಿಗೆ. ಕಣ್ಣು ತೆರೆದಿತ್ತು, ಒಳಗೆ ಡೆಸ್ ಇರ್ಲಿಲ್ಲ' ಎಂದ ಹೊರೇಸ್.

ಅವಳಿಗೆ ಗೊತ್ತಿತ್ತು ಎನಿಡ್. ಅವಳಿಗೆ ಎಲ್ಲ ಗೊತ್ತಾಗುತ್ತಿತ್ತು. ಅಪ್ಪನನ್ನು ಕರೆಯುತ್ತಿದ್ದಳು.

ಈಗ ಕಾನೂನು ಕೇಳು. ನಮ್ಮ ವಕೀಲೆ ಮಿಸ್ ಫಾರೂಕಿ ಚಿಕ್ಕ ವಯಸ್ಸಿನವಳು, ಒಳ್ಳೆಯ ಹುಡುಗಿ, ನನಗೆ ಅರ್ಥವಾಗುವವರೆಗೂ ಬಿಡುವುದಿಲ್ಲ. ಡೆಸ್ ಕೊಂದದ್ದು ಹೌದು, ಅದರಲ್ಲಿ ವಾದವೇ ಇಲ್ಲ. ಕೊಲೆ ಎಂದು ತೀರ್ಮಾನವಾದರೆ ಜೀವಾವಧಿ, ನ್ಯಾಯಾಧೀಶರಿಗೂ ಬೇರೆ ದಾರಿ ಇಲ್ಲ. ಆದರೆ ಹತೋಟಿ ತಪ್ಪಿ ಮಾಡಿದ ಎಂದು ಆದರೆ ಅದು ಕೊಲೆಯಲ್ಲ, ನರಹತ್ಯೆ. ಆಗ ಎಷ್ಟು ವರ್ಷ ಎನ್ನುವುದು ನ್ಯಾಯಾಧೀಶರ ಕೈಯಲ್ಲಿ. ಎಂದಾದರೂ ಹೊರಗೆ ಬಂದಾನು, ನಾವಿಬ್ಬರೂ ಮುದಿಯಾದರೂ ಸರಿ, ಒಂದೇ ಮೇಜಿನಲ್ಲಿ ಊಟ ಮಾಡಬಹುದು.

'ಸುಮ್ನೆ ಕೋಪ ಬಂತು ಅಂದ್ರೆ ಆಗಲ್ಲ ಮಿಸೆಸ್ ಟೈಸನ್' ಎಂದಳು. ಸೈರಿಸಲಾಗದಷ್ಟು ಘೋರವಾದದ್ದು ಏನೋ ನಡೆದಿರಬೇಕು, ಇಲ್ಲವೇ ಅಂಥ ಮಾತು ಬಂದಿರಬೇಕು. ತನಗೆ ಭಾರೀ ಅನ್ಯಾಯವಾಯಿತು ಎಂದು ಅವನಿಗೆ ಅನ್ನಿಸಿದ್ದರಲ್ಲಿ ನ್ಯಾಯವಿರಬೇಕು. ಅವನದೇ ವಯಸ್ಸಿನ, ಸಾಧಾರಣ ತಾಳ್ಮೆಯ ಇನ್ನೊಬ್ಬ ಗಂಡಸು ಅವನ ಜಾಗದಲ್ಲಿದ್ದಿದ್ದರೆ ಅವನೂ ಹಾಗೆಯೇ ಮಾಡಿಬಿಡಬಹುದಿತ್ತು ಎಂದು ಜ್ಯೂರಿಗೆ ಅನ್ನಿಸಬೇಕು. ಹೊರೇಸ್ ಹೇಳುವ ಮಾತು ಕೇಳಿದರೆ ಯಾವ ತಂದೆಗೆ ಅನ್ನಿಸುವುದಿಲ್ಲ?

ಆದರೆ ಒಂದು ಕೊಕ್ಕೆ ಇದೆ. ಸೇಡು ತೀರಿಸಿಕೊಳ್ಳಬೇಕೆಂದು ಮೊದಲೇ ಯೋಚಿಸಿ ಹೋದವನಿಗೆ ಈ ರಕ್ಷಣೆ ಇಲ್ಲವೇ ಇಲ್ಲ. ಸರ್ಕಾರದ ಕಡೆಯವರು ಹಿಡಿದಿರುವುದೇ ಅದನ್ನು. ಕ್ಲಬ್ಬಿನಲ್ಲಿ ಎಲ್ಲರೆದುರು ಶಪಥ ಮಾಡಿದ. ವರ್ಷಗಟ್ಟಲೆ ಕಾಲಿಡದ ತೋಟಕ್ಕೆ, ಡೇಲ್ ಅಲ್ಲಿದ್ದ ದಿನವೇ ಸರಿಯಾಗಿ ಹೋದ. ಕೈಗೆ ಸಲಿಕೆ ತೆಗೆದುಕೊಂಡ. ಇನ್ನೇನು ಬೇಕು? ಬುಟ್ಟಿ ಹಿಡಿದು ಹೊರಟದ್ದೆಲ್ಲ ಆಲೂಗಡ್ಡೆಯ ನೆಪ, ಡೇಲ್‌ನನ್ನು ಮಾತಿಗೆಳೆಯಲು ಹೂಡಿದ ಆಟ ಎನ್ನುತ್ತಾರಂತೆ.

ಡೆಸ್ ಪೊಲೀಸರಿಗೆ ಮೊದಲ ದಿನದಿಂದ ಒಂದೇ ಮಾತು ಹೇಳಿದ್ದಾನೆ. 'ಹೆಂಡ್ತಿ ಆಲೂಗಡ್ಡೆ ತಗೊಂಡು ಬಾ ಅಂದ್ಲು. ಅದಕ್ಕೇ ಹೋದೆ.'

ಅದೇ ದಿನ ಸಂಜೆ ಇನ್ನೊಂದು ಕಡೆ ಕೂತು ನಾನು ಪೊಲೀಸರಿಗೆ ಹೇಳಿದ್ದು, 'ಅವನೇ ಹೊರಟ. ಎಲ್ಲಿಗೆ ಅಂತ ಹೇಳ್ಲಿಲ್ಲ.'

ಅಕ್ಕ, ನನ್ನ ಆ ಎರಡು ಸಾಲಿನ ಮೇಲೆ ನಿಂತು ಅವರು ನನ್ನ ಗಂಡನನ್ನು ಜೀವಾವಧಿಗೆ ತಳ್ಳುತ್ತಿದ್ದಾರೆ. ಮಿಸ್ ಫಾರೂಕಿ ಎಷ್ಟೋ ಸಲ ಕೇಳಿದಳು. 'ನಾನು ಏನು ಹೇಳಿ ಅಂತ ಹೇಳ್ಕೊಡೋ ಹಾಗಿಲ್ಲ. ನಿಜ ಏನೋ ಅದು ಬೇಕು. ನೀವು ಕಳಿಸಿದ್ರಾ ಇಲ್ವಾ?' ನೆನಪಿಲ್ಲ ಎಂದೆ. ಆ ದಿನಗಳಲ್ಲಿ ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಿದ್ದೆ, ಮನಸ್ಸು ನೆಟ್ಟಗಿರಲಿಲ್ಲ ಎಂದೆ. ಅವಳು ಪೆನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು.

ಡೆಸ್ ಅಂತೂ ಇನ್ನೂ ಕಷ್ಟ. ಕೋರ್ಟಿನಲ್ಲಿ ನಮ್ಮ ಪರ ವಾದಿಸುವ ಬ್ಯಾರಿಸ್ಟರ್, ನನ್ನನ್ನು ಬಿಗಿಯಾಗಿ ಪ್ರಶ್ನಿಸಬೇಕಾಗುತ್ತದೆ ಎಂದದ್ದಕ್ಕೆ ಇವನು ಎದ್ದು ನಿಂತನಂತೆ. 'ನನ್ನ ಹೆಂಡ್ತಿಯನ್ನ ಸುಳ್ಳಿ ಅಂತ ಯಾರೂ ಅನ್ಬಾರ್ದು. ಅವಳಿಗೆ ಮರೆತಿದೆ ಅಷ್ಟೆ. ಮಗಳು ಹೋದ್ಮೇಲೆ ಅವಳಿಗೆ ತನ್ನ ಊಟಾನೇ ನೆನಪಿರಲ್ಲ.' ಹೋದ ವಾರ ನೋಡಲು ಹೋದಾಗ ನನಗೂ ಅದನ್ನೇ ಹೇಳಿದ. 'ನೆನಪಾಗ್ಲಿಲ್ಲ ಅಂದ್ರೆ ಬಿಡು ಏವ್ರಿಲ್. ಇಲ್ಲದ್ದನ್ನ ಕಟ್ಟಿ ಹೇಳೋಕೆ ಹೋಗ್ಬೇಡ, ನಿನ್ನನ್ನ ಹರಿದು ಹಾಕ್ತಾರೆ. ನಾನು ಹೇಗೋ ಇರ್ತೀನಿ.' ಅಷ್ಟು ಹೇಳಿ, ಮನೆಯ ಬಾಯ್ಲರ್ ಸರಿ ಮಾಡಿಸಿದೆಯಾ ಎಂದು ಕೇಳಿದ. ಅವನ ಬೆನ್ನು ಬಾಗಿದೆ ಅಕ್ಕ. ಕೂದಲು ಪೂರ್ತಿ ಬೆಳ್ಳಗಾಗಿದೆ. ಹೊರಡುವ ಹೊತ್ತಿಗೆ, 'ಅವಳಿಗೆ ಗೊತ್ತೇ ಆಗಿಲ್ಲ ಅಲ್ವಾ' ಎಂದು ಕೇಳುತ್ತಾನೇನೋ ಎಂದು ಹೆದರಿದ್ದೆ. ಕೇಳಲಿಲ್ಲ. ಇನ್ನು ಎಂದೂ ಕೇಳುವುದಿಲ್ಲ.

ಏನು ಮಾಡಲಿ? ನೆನಪಿಲ್ಲ ಎಂದರೆ ಅವನು ಹೋದ. ನೆನಪಿದೆ ಎಂದರೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಕೊಡಬೇಕು, ಅವನೆದುರಿಗೇ ಕೊಡಬೇಕು. ಅವನು ಆರೋಪಿಗಳನ್ನು ಕೂರಿಸುವ ಗಾಜಿನ ಹಿಂದೆ ಕೂತಿರುತ್ತಾನೆ. ಮೊನ್ನೆ ಸೇತುವೆಯ ಮೇಲೆ ನಿಂತು ನೀರು ನೋಡುತ್ತಿದ್ದೆ. ಯಾರೋ ಹೆಂಗಸು ಬಂದು 'ಎಲ್ಲ ಸರಿ ಇದೆಯಾ ಅಮ್ಮ' ಎಂದು ಕೇಳಿ, ಮನೆಯ ತನಕ ನನ್ನ ಜೊತೆಗೇ ನಡೆದು ಬಂದಳು. ಗಾಬರಿಯಾಗಬೇಡ, ಅಂಥದ್ದೇನೂ ಮಾಡಿಕೊಳ್ಳುವುದಿಲ್ಲ. ಆದರೆ ನೀನು ಬರುವುದಕ್ಕಾಗುತ್ತದೆಯೇ? ಹಡಗು ಹತ್ತಲು ನಿನಗೆ ಕಷ್ಟ, ಗೊತ್ತು. ಕೈ ಹಿಡಿದುಕೊಳ್ಳಲು ಒಬ್ಬರಿದ್ದರೆ ಸಾಕಾಗಿತ್ತು. ಚಿಕ್ಕವರಿದ್ದಾಗ ಗುಡುಗು ಬಂದರೆ ನೀನು ನನ್ನ ಕಿವಿ ಮುಚ್ಚುತ್ತಿದ್ದೆಯಲ್ಲ.

ನಿನ್ನ ತಂಗಿ,
ಏವ್ರಿಲ್

ಬರೆಯಲು ಮರೆತದ್ದು, ಮಾರ್ಚ್ ೨೧: ಅಕ್ಕ, ಈ ಪತ್ರ ಅಂಚೆಗೆ ಹಾಕಲೇ ಇಲ್ಲ, ಕೈಚೀಲದಲ್ಲೇ ಇತ್ತು. ಮರೆತದ್ದು ಎಂದು ಬರೆದದ್ದು ಕೂಡ ಸುಳ್ಳು. ನಾನು ಯಾವುದನ್ನೂ ಮರೆತಿರಲಿಲ್ಲ.

ಅವನನ್ನು ಕಳಿಸಿದವಳು ನಾನೇ. ಆ ವಾರವಿಡೀ ಬಸ್ಸಿನ ಕಿಟಕಿಯಿಂದ ನೋಡಿದ್ದೆ, ಡೇಲ್ ದಿನಾ ಬೆಳಿಗ್ಗೆ ಮಾವನ ತೋಟದಲ್ಲಿ ಸಿಳ್ಳೆ ಹಾಕುತ್ತಾ ಗಾಜು ಜೋಡಿಸುತ್ತಿದ್ದ. ಶನಿವಾರ ಡೆಸ್‌ಗೆ, ಹೊರೇಸ್ ಹಾಕಿದ ಆಲೂಗಡ್ಡೆ ಮಣ್ಣಲ್ಲೇ ಕೊಳೆಯುತ್ತಿದೆ, ಒಂದು ಬುಟ್ಟಿ ಕಿತ್ತುಕೊಂಡು ಬಾ ಎಂದೆ. 'ಅಲ್ಲಿಗೆ ಬೇಡ ಏವ್ರಿಲ್, ಅಂಗಡಿಯಿಂದ ತರ್ತೀನಿ' ಎಂದ. 'ಲೋರ್ನಾ ಕೇಳಿದ್ರೆ ನೀನು ಹೋಗ್ತಿದ್ದೆ' ಎಂದೆ. ಬೂಟು ಹಾಕಿಕೊಂಡ. ಡೇಲ್ ಅಲ್ಲಿರುವುದನ್ನು ನಾನು ಹೇಳಲಿಲ್ಲ. ಸಾಯಲಿ ಎಂದು ಕಳಿಸಿದೆನೇ? ಗೊತ್ತಿಲ್ಲ. ಆ ಸಿಳ್ಳೆ ನಿಲ್ಲಲಿ ಎಂದು ಕಳಿಸಿದೆ.

ಕಟಕಟೆಯಲ್ಲಿ ಇದನ್ನು ಹೇಳಲು ಬಾಯಿ ತೆರೆದಾಗ ನ್ಯಾಯಾಧೀಶರು ತಡೆದರು. ಇದಕ್ಕೆ ಉತ್ತರಿಸಲೇಬೇಕೆಂದಿಲ್ಲ, ನಿಮ್ಮ ಮೇಲೆಯೇ ಬರಬಹುದು, ಅರ್ಥವಾಗುತ್ತದೆಯೇ ಎಂದರು. ಆಗುತ್ತದೆ ಎಂದೆ, ಹೇಳಿದೆ. ಸರ್ಕಾರಿ ವಕೀಲ, ಇದು ಗಂಡನನ್ನು ಉಳಿಸಲು ಈಗ ಕಟ್ಟಿದ ಕಥೆ ಎಂದ. 'ಕಥೆ ಕಟ್ಟೋದಾಗಿದ್ರೆ ನನ್ನನ್ನ ಒಳ್ಳೆಯವಳನ್ನಾಗಿ ಮಾಡ್ಕೊಂಡೇ ಕಟ್ತಿದ್ದೆ ಸಾರ್' ಎಂದೆ. ಡೆಸ್ ಕೂತಿದ್ದ ಗಾಜಿನ ಕಡೆ ನೋಡಲು ಧೈರ್ಯ ಬರಲಿಲ್ಲ.

ಕೊಲೆ ಅಲ್ಲ, ನರಹತ್ಯೆ ಎಂದು ಜ್ಯೂರಿ ಹೇಳಿತು. ಡೇಲ್‌ನ ತಾಯಿ ಎದ್ದು, 'ಕೊಲೆ ಅಲ್ವಂತೆ! ಹಾಗಾದ್ರೆ ನನ್ನ ಮಗನಿಗೆ ಆಗಿದ್ದೇನು? ಶೀತಾನಾ?' ಎಂದು ಕಿರುಚಿದಳು. ಅವಳ ಕೈಯಲ್ಲಿ ಅವನ ಶಾಲೆಯ ಫೋಟೋ ಇತ್ತು. ಅವಳೂ ತಾಯಿ ಎಂದು ನಾನು ಆವರೆಗೆ ಒಂದು ಸಲವೂ ಯೋಚಿಸಿರಲಿಲ್ಲ. ಶಿಕ್ಷೆ ಎಷ್ಟು ವರ್ಷವೆಂದು ಮುಂದಿನ ತಿಂಗಳು ತಿಳಿಯುತ್ತದೆ. ಮೊದಲು ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ನಾನು ವಕೀಲರನ್ನು ಕರೆದುಕೊಂಡು ಪೊಲೀಸರ ಬಳಿ ಹೋಗಬೇಕಾಗಿದೆ, ಮಂಗಳವಾರ.

ಡೆಸ್ ನನ್ನನ್ನು ನೋಡಲು ಒಪ್ಪುತ್ತಿಲ್ಲ. ಮಿಸ್ ಫಾರೂಕಿಯ ಕೈಯಲ್ಲಿ ಒಂದೇ ಮಾತು ಹೇಳಿಕಳಿಸಿದ್ದಾನೆ. 'ಅವನು ಅಲ್ಲಿದ್ದಾನೆ ಅಂತ ಒಂದು ಮಾತು ಹೇಳಿದ್ದಿದ್ರೆ ನಾನು ಹೋಗ್ತಾನೇ ಇರ್ಲಿಲ್ಲ. ಅದು ಅವಳಿಗೆ ಗೊತ್ತಿತ್ತು.'

ಗೊತ್ತಿತ್ತು ಅಕ್ಕ. ಅದಕ್ಕೇ ಹೇಳಿರಲಿಲ್ಲ.